ಅರ್ಜೆಂಟಾಗಿ ಪದ ಬೇಕು: ಬೇಸ್ ಗಿಟಾರಿನ ಪೀಜೋ ಪಿಕಪ್ಪು, ಅದರ ಸದ್ದು

ಎಲ್ರಿಗೂ ನಮಸ್ಕಾರ. ಮೈಸೂರಲ್ಲಿ ಗೊತ್ತಿರೋರೊಬ್ರ ವಾದ್ಯ ರಿಪೇರಿ ಅಂಗಡಿಗೆ ಕನ್ನಡ ಬೋರ್ಡು ಬರೆದುಕೊಡ್ತೀನಿ ಅಂತ ಒಪ್ಕೊಂಡ್ಬಿಟ್ಟಿದೀನಿ, ಸಂಜೆ ಆರಕ್ಕೆ ಫ್ಲೆಕ್ಸ್‌ನವ್ರಿಗೆ ಮ್ಯಾಟರ್ ಕೊಡ್ಬೇಕು. ಪಿಕಪ್ಪು ಅಂದ್ರೆ ತಂತಿಯ ಅದುರನ್ನ ಕರೆಂಟಾಗಿಸಿ ಆಂಪ್ಲಿಫೈಯರಿಗೆ ಕಳ್ಸೋ ಭಾಗ. ಮಾಮೂಲಿ ಪಿಕಪ್ಪು ಅಯಸ್ಕಾಂತದ್ದು, ಉಕ್ಕಿನ ತಂತಿ ಅದುರಿದ್ರಷ್ಟೇ ಅದಕ್ಕೆ ತಿಳಿಯೋದು, ನೈಲಾನ್ ತಂತಿ ಹಾಕಿದ್ರೆ ಮೂಕ. ಪೀಜೋ ಹಂಗಲ್ಲ, ತಂತಿ ಕೂರೋ ಜಾಗದ ಕೆಳಗಿದ್ಕೊಂಡು ಒತ್ತಡವನ್ನೇ ಕರೆಂಟಾಗಿಸುತ್ತೆ, ಅದಕ್ಕೇ ಬೆರಳು ಉಜ್ಜಿದ್ದು ಉಗುರು ತಾಗಿದ್ದು ಎಲ್ಲಾ ಕೇಳ್ಸುತ್ತೆ, ಮೆಟ್ಟಿಲು (ಕತ್ತಿನ ಮೇಲಿನ ಅಡ್ಡಪಟ್ಟಿ, ಫ್ರೆಟ್ಟು) ಇಲ್ಲದ ಬೇಸಲ್ಲಂತೂ ನಿಂತ್ಕೊಂಡು ನುಡಿಸೋ ಡಬಲ್ ಬೇಸ್ ಹತ್ರಹತ್ರ ಬರುತ್ತೆ. ಆದ್ರೆ ಜೋರಾಗಿ ಮೀಟಿದ್ರೆ ಬಾತುಕೋಳಿ ಥರ ಕ್ವಾಕ್ ಅನ್ನುತ್ತೆ. ಪೀಜೋಗೊಂದು ಪದ, ಆ ಕ್ವಾಕಿಗೊಂದು ಪದ ಕೊಡಿ.

ಉತ್ತರ, ಮೈಸೂರು:
ಪೀಡನ ವಿದ್ಯುತ್. ಚರ್ಚೆ ಮಾಡೋಕೇನಿದೆ ಇದ್ರಲ್ಲಿ. ಗ್ರೀಕಿನ ಪಿಯೆಜೈನ್, ಸಂಸ್ಕೃತದ ಪೀಡ್, ಎರಡೂ ಒಂದೇ ಬೇರಿನವು, ಎರಡಕ್ಕೂ ಅದುಮೋದು ಅಂತ ಅರ್ಥ. 1880ರಲ್ಲಿ ಕ್ಯೂರಿ ಅಣ್ಣತಮ್ಮಂದಿರು ಕಂಡಿದ್ದೂ ಅದನ್ನೇ, ಹರಳು ಅದುಮಿದ್ರೆ ವಿದ್ಯುತ್ತು.

ಉತ್ತರ, ಮಂಡ್ಯ:
ಪೀಡೆ ಅಂತ ಬೋರ್ಡ್ ಹಾಕಿದ್ರೆ ಗಿರಾಕಿ ಬಂದಾರಾ ಸ್ವಾಮಿ? ಒತ್ತುಮಿಂಚು ಅನ್ನಿ. ಗ್ಯಾಸ್ ಲೈಟರ್ ಟಕ್ ಅನ್ನೋದೂ ಇದೇ ಪೀಜೋ, ನಮ್ಮವ್ವ ದಿನಾ ಹತ್ತಿಸ್ತಾಳೆ ಯಾವ ಪೀಡನಾನೂ ಇಲ್ದೆ. ತಂತಿ, ಒತ್ತು, ಮಿಂಚು, ಎಲ್ಲಾ ನಮ್ದೇ ಇರುವಾಗ ಸಾಲ ಯಾಕೆ.

ಉತ್ತರ, ಮೈಸೂರು:
ತಂತಿ ನಿಮ್ದಾ? ತಂತ್ರೀ. ತದ್ಭವ. ಮುಗೀತು.

ಇನ್ನೊಂದು ಉತ್ತರ, ಮೈಸೂರು:
ಇಬ್ರೂ ಸ್ವಲ್ಪ ತಡ್ಕೊಳಿ. ನಾನು ವೀಣೆ ನುಡಿಸೋಳು, ನಮಗೆ ತಂತಿ ಕೂರೋದು ಕುದುರೆ ಮೇಲೆ. ಗಿಟಾರಿನ ಬ್ರಿಡ್ಜೂ ಕುದುರೆನೇ, ಅದರ ಮೇಲಿನ ಸ್ಯಾಡಲ್ಲು ಜೀನು. ಇಂಗ್ಲಿಷ್‌ನೋರು ಸೇತುವೆ ಮೇಲೆ ಜೀನು ಬಿಗೀತಾರೆ, ನಾವು ಕುದುರೆ ಮೇಲೆ, ಯಾವುದು ಸರಿ ನೀವೇ ಹೇಳಿ. ಪೀಜೋ ಪಿಕಪ್ ಅನ್ನೋದನ್ನ ಹಂಗೇ ಬಿಡಿ. ಕ್ವಾಕಿಗೆ ಮೂಗುದನಿ ಸಾಕು. ತಗಡು ಸದ್ದು ಬೇರೆ, ಎರಡನ್ನೂ ಕಲೆಸ್ಬೇಡಿ, ಅದು ಪೀಜೋನ ನೇರ ಆಂಪಿಗೆ ಚುಚ್ಚಿದ್ರೆ ಬರೋದು. ಆಂಪಿನ ಇನ್‌ಪುಟ್ಟಿನ ವಿದ್ಯುತ್ ತಡೆ 1 ಮೆಗಾಓಮ್ ಆದ್ರೂ ಇರ್ಬೇಕು, ಇಲ್ದಿದ್ರೆ ತಗ್ಗು ಸ್ವರ ಸೋರಿಹೋಗುತ್ತೆ, ಬೇಸಿನ ದಪ್ಪ ತಂತಿ ಸುಮಾರು 41 ಹರ್ಟ್ಸು, ಮೊದಲು ಹೋಗೋದೇ ಅದು. ಮಧ್ಯೆ ಪ್ರೀಆಂಪ್, ಅಂದ್ರೆ ಆಂಪಿಗೆ ಮುಂಚಿನ ಪುಟ್ಟ ಆಂಪು, ಹಾಕೋದು ಅದಕ್ಕೇ.

ಉತ್ತರ, ಮಂಡ್ಯ:
ಜೀನು ಪಾರಸಿ. ತಡಿ ಅನ್ನಿ ಮೇಡಂ.

ಉತ್ತರ, ಮೈಸೂರು:
ಜೀನು ಬಿಡೋದಾದ್ರೆ ಜಮೀನು, ವಕೀಲ, ಕಚೇರಿ ಎಲ್ಲಾ ಬಿಡಿ, ಪಹಣಿ ಯಾವ ಭಾಷೇಲಿ ತರ್ತೀರೋ ನೋಡೋಣ.

ಕೇಳಿದೋನು:
ಕ್ಷಮಿಸಿ, ಟೈಮಾಯ್ತು. "ಬೇಸ್ ಗಿಟಾರಿನ ಕುದುರೆಗೆ ಪೀಜೋ ಪಿಕಪ್ ಕೂರಿಸಿಕೊಡಲಾಗುವುದು, ಮೂಗುದನಿ ಬರೋಲ್ಲ" ಅಂತ ಕಳ್ಸಿಬಿಟ್ಟೆ. ಈಗ ಫ್ಲೆಕ್ಸ್‌ನೋನು ಫೋನ್ ಮಾಡಿದಾನೆ, ಕುದುರೆ ಫೋಟೋ ಎಡಕ್ಕೆ ಹಾಕ್ಲಾ ಬಲಕ್ಕೆ ಹಾಕ್ಲಾ ಅಂತ.