ಕಣಜದ ತಳ ಜಂಗು ಹಿಡಿದಿದೆ: ಹೊಸದಕ್ಕೆ ಯಾವ ಲೇಪನದ ತಗಡು ಹಾಕಿಸಬೇಕು?

ಎರಿಹೊಲ, ರೋಣ ತಾಲೂಕು

ಎಲ್ಲರಿಗೂ ನಮಸ್ಕಾರ. ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಹಗೇವು ಮುಚ್ಚಿದ ಮೇಲೆ ನಮ್ಮ ತಂದೆಯವರು ಮಾಡಿಸಿದ, ಹತ್ತು ಕ್ವಿಂಟಲ್ ಹಿಡಿಯುವ ಜಿಐ (ಸತುವಿನ ಲೇಪನವಿರುವ ಕಬ್ಬಿಣದ) ತಗಡಿನ ಕಣಜವೊಂದು ನಮ್ಮ ಮನೆಯಲ್ಲಿದೆ. ಈ ಸಲ ಬಿಳಿಜೋಳ ತುಂಬುವ ಮುನ್ನ ಬರಿದು ಮಾಡಿ ನೋಡಿದರೆ, ತಳದಿಂದ ನಾಲ್ಕು ಬೆರಳಿನ ಎತ್ತರದವರೆಗೆ ಸುತ್ತಲೂ ಕಂದು ಪಟ್ಟಿ ಕಾಣಿಸಿತು. ಹಳೆಯ ಕಾಳು ಅಲ್ಲಿ ಗಡ್ಡೆಗಟ್ಟಿ ತಗಡಿಗೆ ಅಂಟಿಕೊಂಡಿತ್ತು. ಕೆರೆದಾಗ ಜಂಗು ಹಪ್ಪಳದಂತೆ ಎದ್ದು ಬಂದಿತು, ಒಂದು ಕಡೆ ಮೊಳೆ ಒತ್ತಿದರೆ ಆಚೆ ತೂರಿತು. ಸೊಂಟಮಟ್ಟದಿಂದ ಮೇಲಿನ ತಗಡು ಮಾತ್ರ ಇನ್ನೂ ಬೂದು ಬಣ್ಣದಲ್ಲಿ ಗಟ್ಟಿಯಾಗಿಯೇ ಇದೆ. ಕಣಜವನ್ನು ಇಟ್ಟಿರುವುದು ಸಿಮೆಂಟ್ ನೆಲದ ಮೇಲೆ, ದನ ಕಟ್ಟುವ ಜಾಗಕ್ಕೆ ಹತ್ತಿದ ಕೋಣೆಯಲ್ಲಿ.

ಹೊಸದನ್ನು ಅಲ್ಯೂಮಿನಿಯಂ-ಸತು ಲೇಪನದ ಗ್ಯಾಲ್ವಾಲ್ಯೂಮ್ ತಗಡಿನಲ್ಲಿ ಮಾಡಿಸಿರಿ ಎಂದು ಒಬ್ಬರು, ಲೇಪನವಿಲ್ಲದ ಕರಿ ತಗಡಿನಲ್ಲಿ ಮಾಡಿಸಿ ಒಳಗೂ ಹೊರಗೂ ಎಪಾಕ್ಸಿ ಬಣ್ಣ ಬಳಿಸಿರಿ ಎಂದು ಇನ್ನೊಬ್ಬರು ಹೇಳುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನ ದರ ಕೇಳಿ ಸುಮ್ಮನೆ ಎದ್ದು ಬಂದೆ. ತಿನ್ನುವ ಕಾಳು ಇಡುವುದಕ್ಕೆ ಯಾವುದು ಸರಿ?

ತಗಡುಗೆಲಸ, ಹುಬ್ಬಳ್ಳಿ

ತಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ತಗಡು ಒಂದೇ, ಲೇಪನವೂ ಒಂದೇ. ಆದರೂ ಮೇಲೆ ಗಟ್ಟಿ, ಕೆಳಗೆ ತೂತು. ಗಾಳಿಯೇ ತಿಂದಿದ್ದರೆ ಎಲ್ಲ ಕಡೆಯೂ ತಿನ್ನುತ್ತಿತ್ತು. ಜಿಐ ತಗಡಿನ ಸತು ಗಾಳಿಗೆ ಒಡ್ಡಿಕೊಂಡು ಆಗಾಗ ಒಣಗುತ್ತಿದ್ದರೆ ಅದರ ಮೈಮೇಲೆ ಕಾರ್ಬೊನೇಟಿನ ಬೂದು ಪದರ ಕಟ್ಟಿಕೊಂಡು ಕಾಯುತ್ತದೆ. ಒಣ ಹವೆಯ ಹಳ್ಳಿಗಳಲ್ಲಿ ಸತು ಸವೆಯುವುದು ಸಾಮಾನ್ಯವಾಗಿ ವರ್ಷಕ್ಕೆ ಮುಕ್ಕಾಲು ಮೈಕ್ರಾನ್‌ಗಿಂತಲೂ ಕಡಿಮೆ. ನೆಲಕ್ಕೆ ಒತ್ತಿ ಕುಳಿತ ತಳದಡಿಯಲ್ಲಿ ಹಾಗಲ್ಲ. ಅಲ್ಲಿ ಸಿಕ್ಕಿಕೊಂಡ ತೇವ ಆರುವುದಿಲ್ಲ, ಗಾಳಿ ಹೋಗುವುದಿಲ್ಲ, ಆ ಪದರ ಕಟ್ಟುವುದೂ ಇಲ್ಲ. ಸತು ಬಿಳಿ ಪುಡಿಯಾಗಿ ಉದುರಿ ಹೋದ ಮೇಲೆ ಕಬ್ಬಿಣದ ಸರದಿ ಬರುತ್ತದೆ.

ನನ್ನ ಸಲಹೆ ಜಿಐ ತಗಡೇ, ಆದರೆ 275 ದರ್ಜೆಯದು. ಜಿಐ ತಗಡಿನ ಭಾರತೀಯ ಮಾನಕವಾದ ಐಎಸ್ 277ರಲ್ಲಿ ಈ ಅಂಕಿಯ ಅರ್ಥ, ಒಂದು ಚದರ ಮೀಟರ್ ತಗಡಿನ ಎರಡೂ ಮುಖ ಸೇರಿ 275 ಗ್ರಾಂ ಸತು, ಅಂದರೆ ಪ್ರತಿ ಮುಖಕ್ಕೆ ಸುಮಾರು 19 ಮೈಕ್ರಾನ್. ಅಂಗಡಿಯಲ್ಲಿ ಎಲ್ಲರೂ ಗೇಜ್, ಅಂದರೆ ತಗಡಿನ ದಪ್ಪ, ಕೇಳುತ್ತಾರೆ, ಸತು ಎಷ್ಟೆಂದು ಕೇಳುವವರು ಅಪರೂಪ. 120 ದರ್ಜೆಯ 22 ಗೇಜ್ ತಗಡು ಕೈಗೆ ಅಷ್ಟೇ ದಪ್ಪ, ಕಣ್ಣಿಗೆ ಅಷ್ಟೇ ಹೊಳಪು.

ಇನ್ನೊಂದು ಮಾತು. ಜೋಡಣೆಗೆ ವೆಲ್ಡಿಂಗ್ ಮಾಡಿಸಬೇಡಿರಿ. ಸತು 419 ಡಿಗ್ರಿಯಲ್ಲಿ ಕರಗಿ 907ರಲ್ಲಿ ಆವಿಯಾಗುತ್ತದೆ, ಉಕ್ಕು ಕರಗಲು 1,400 ಡಿಗ್ರಿಗೂ ಹೆಚ್ಚು ಬೇಕು. ಆದ್ದರಿಂದ ಬೆಸುಗೆಯ ಎರಡೂ ಬದಿ ಲೇಪನ ಸುಟ್ಟು ಬೋಳಾಗುತ್ತದೆ. ಅಂಚು ಮಡಿಸಿ ರಿವಿಟ್ ಹೊಡೆಯುವುದೇ ಒಳ್ಳೆಯದು. ಸೀಸ ಬೆರೆತ ಬೆಸುಗೆಯೂ ಸಿಂಧೂರದ (ಕೆಂಪು ಸೀಸದ) ಪ್ರೈಮರೂ ಕಾಳಿನ ಪಾತ್ರೆಯೊಳಗೆ ಬೇಡವೇ ಬೇಡ.

ಗೋವಿನಜೋಳ, ಹಾವೇರಿ

ತಗಡಿನವರ ಮಾತಿಗೆ ನನ್ನದೊಂದು ತಪ್ಪನ್ನು ಸೇರಿಸುತ್ತೇನೆ. ಗೋವಿನಜೋಳ ಮಾರಿ ಕಣಜ ಬರಿದಾಗಿದ್ದ ಬೇಸಿಗೆಯಲ್ಲಿ, ಜಾಗ ಸುಮ್ಮನೆ ಏಕಿರಬೇಕೆಂದು ನಾಲ್ಕು ಚೀಲ ಗೊಬ್ಬರವನ್ನೂ ಅರ್ಧ ಡಬ್ಬಿ ಮೈಲುತುತ್ತವನ್ನೂ ಅದರೊಳಗೆ ಇಟ್ಟಿದ್ದೆ. ಮಳೆಗಾಲದಲ್ಲಿ ಗೊಬ್ಬರ ನೀರೂರಿತು, ಮೈಲುತುತ್ತ ಚೆಲ್ಲಿದ ಕಡೆ ತಗಡಿನ ಮೇಲೆ ಕಪ್ಪು ಕೆಂಪು ಕಲೆ ಬಿದ್ದು ಎರಡೇ ತಿಂಗಳಲ್ಲಿ ಸತು ಹೋಗಿತ್ತು. ತಾಮ್ರದ ಉಪ್ಪು ಸತುವಿನ ಮೇಲೆ ಬಿದ್ದರೆ ಸತು ಕರಗಿ ತಾಮ್ರ ಅಲ್ಲಿ ಕೂಡುತ್ತದೆ ಎಂಬುದು ಆಮೇಲೆ ತಿಳಿಯಿತು. ವಿಷದ ಮಾತು ಬೇರೆಯೇ. ಆ ಕಣಜದಲ್ಲಿ ಮತ್ತೆ ಕಾಳು ತುಂಬಲಿಲ್ಲ.

ಲೇಪನ, ಧಾರವಾಡ

ಬಣ್ಣ ಮತ್ತು ಲೇಪನದ ಉದ್ಯೋಗದಲ್ಲಿ ಇದ್ದು ನಿವೃತ್ತನಾದವನು ನಾನು. ಗ್ಯಾಲ್ವಾಲ್ಯೂಮ್ ಕೆಟ್ಟ ವಸ್ತುವಲ್ಲ. ಶೇ. 55ರಷ್ಟು ಅಲ್ಯೂಮಿನಿಯಂ, ಶೇ. 43ಕ್ಕೂ ತುಸು ಹೆಚ್ಚು ಸತು, ಉಳಿದದ್ದು ಸಿಲಿಕಾನ್ ಇರುವ ಈ ಲೇಪನ ಮಳೆ ಬಿದ್ದು ಹರಿದು ಹೋಗುವ ಚಾವಣಿಗೆ ಜಿಐಗಿಂತ ಹೆಚ್ಚು ಬಾಳುತ್ತದೆ. ತಮ್ಮ ಕೋಣೆಗೆ ಮಾತ್ರ ಅದು ಹೊಂದುವುದಿಲ್ಲ. ದನದ ಗಂಜಲದಿಂದ ಏಳುವ ಅಮೋನಿಯವನ್ನೂ ಹಸಿ ಸಿಮೆಂಟಿನ ಕ್ಷಾರವನ್ನೂ ಅಲ್ಯೂಮಿನಿಯಂ ತಡೆಯಲಾರದು. ಕತ್ತರಿಸಿದ ಅಂಚನ್ನು ಕಾಯುವುದರಲ್ಲಿಯೂ ಅದು ಜಿಐಗಿಂತ ಹಿಂದೆ. ಜಿಐಯಲ್ಲಿ ಗೀರು ಬಿದ್ದರೂ ಪಕ್ಕದ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಎಪಾಕ್ಸಿಗೆ ಆ ಗುಣವಿಲ್ಲ. ಸಲಿಕೆಯ ಒಂದು ಗೀರು ಸಾಕು, ಜಂಗು ಬಣ್ಣದಡಿಯಲ್ಲೇ ಹರಿಯುತ್ತ ಹೋಗುತ್ತದೆ. ಒಣಗಿದ ಕಾಳಿಗೆ ಬರಿಯ ಸತುವಿನ ಒಳಮೈ ಸಾಕು. ಜೋಳದ ತೇವಾಂಶ ಶೇ. 12ರೊಳಗೆ ಇರಲಿ. ಹೊರಮೈಗೆ ಬಣ್ಣ ಬೇಕೆನಿಸಿದರೆ ಹೊಸ ಜಿಐ ಮೇಲೆ ನೇರವಾಗಿ ಆಯಿಲ್ ಪೇಂಟ್ ಬಳಿಯಬಾರದು, ಅದರ ಎಣ್ಣೆ ಸತುವಿನೊಡನೆ ಸೇರಿ ಸಾಬೂನಾಗಿ ಬಣ್ಣ ಸುಲಿಯುತ್ತದೆ. ಮೊದಲು ಎಚ್ (etch) ಪ್ರೈಮರ್, ಅಂದರೆ ಸತುವಿನ ಮೈಯನ್ನು ತುಸು ಕೊರೆದು ಹಿಡಿಯುವ ತಳಬಣ್ಣ, ಹಚ್ಚಬೇಕು.

ಅಂಗಡಿಯವರು ಹೇಳುವ ದರ್ಜೆಯನ್ನು ತಾವೇ ಪರೀಕ್ಷಿಸಬಹುದು. ಸರಿಯಾಗಿ 10 ಸೆಂ.ಮೀ. ಚೌಕದ ತುಂಡನ್ನು ಸರಾಫರ ತಕ್ಕಡಿಯಲ್ಲಿ ತೂಗಿ, ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮುಳುಗಿಸಿರಿ. ಗುಳ್ಳೆಯ ರಭಸ ಇಳಿದ ಕೂಡಲೇ ತೆಗೆದು ತೊಳೆದು ಒಣಗಿಸಿ ಮತ್ತೆ ತೂಗಿರಿ. 275 ದರ್ಜೆಯಾಗಿದ್ದರೆ ಸುಮಾರು 2.7 ಗ್ರಾಂ ಇಳಿಯುತ್ತದೆ, 120 ಆಗಿದ್ದರೆ 1.2 ಗ್ರಾಂ.

ಎರಿಹೊಲ, ರೋಣ ತಾಲೂಕು

ಹಿರಿಯರು ಹೇಳಿದಂತೆ ಮಾಡಿದೆ. 275 ಎಂದು ಕೊಟ್ಟ ತುಂಡಿನಲ್ಲಿ ಇಳಿದದ್ದು 1.3 ಗ್ರಾಂ, ತಗಡನ್ನು ಬೇರೆ ಕಡೆ ನೋಡುತ್ತಿದ್ದೇನೆ. ಹಳೆಯ ಕಣಜದ ಮೇಲ್ಭಾಗವನ್ನು ಉಳಿಸಿಕೊಳ್ಳಬಹುದೇ?

ತಗಡುಗೆಲಸ, ಹುಬ್ಬಳ್ಳಿ

ಉಳಿಸಿಕೊಳ್ಳಬಹುದು. ಕಂದು ಪಟ್ಟಿಗಿಂತ ಒಂದು ಗೇಣು ಮೇಲಕ್ಕೆ ಕತ್ತರಿಸಿ ಹೊಸ ತಳವನ್ನು ರಿವಿಟ್ ಹೊಡೆದು ಕೂಡಿಸಲು ಹೇಳಿರಿ, ಮೇಲಿನ ತಗಡು ತಳದ ತಗಡಿನ ಹೊರಗೆ ಬರುವಂತೆ, ಇಲ್ಲವಾದರೆ ಹೊರಗಿನ ನೀರು ಸಂದಿನೊಳಗೆ ಇಳಿಯುತ್ತದೆ. ಕೂಡಿಸಿದ ಕಣಜವನ್ನು ಮತ್ತೆ ಸಿಮೆಂಟಿನ ಮೇಲೆ ಇಡದೆ, ಕೆಳಗೆ ಕೈ ಆಡಿಸಲು ಬರುವಷ್ಟು ಎತ್ತರದ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ದನದ ಕಡೆಯಲ್ಲದ ಗೋಡೆಗೆ ಇಡಿರಿ.