ಹಾರ್ಟ್ಸ್ ಆಫ್ ಐರನ್: ಮೂರರಿಂದ ನಾಲ್ಕಕ್ಕೆ ಹೋದವರು ಅನುಭವ ಹೇಳಿ

ಲಿಬಿಯಾದಲ್ಲಿ ಸಿಕ್ಕಿಬಿದ್ದವ: ಈ ಎರಡನೇ ಮಹಾಯುದ್ಧದ ಕಂಪ್ಯೂಟರ್ ಆಟದಲ್ಲಿ ಆರು ವರ್ಷದಿಂದ ಮೂರನೇ ಆವೃತ್ತಿಯನ್ನೇ ಆಡ್ತಿದ್ದೀನಿ, ವಿಸ್ತರಣೆಗಳೆಲ್ಲ ಇವೆ. ಯಾವಾಗಲೂ ಇಟಲಿ. ದಿನಕ್ಕೆ ಒಂದೂವರೆ ಗಂಟೆ ಸಿಕ್ಕರೆ ಪುಣ್ಯ, ಲ್ಯಾಪ್‌ಟಾಪೂ ಹಳೇದು. ನಾಲ್ಕಕ್ಕೆ ಹೋಗಲಾ, ಇದರಲ್ಲೇ ಇರಲಾ? ಎರಡನ್ನೂ ಆಡಿದವರು ಹೇಳಿ.

ಕೋರ್ ಕಮಾಂಡರ್: ಹೋಗಬೇಡಿ. ಹೋಗಿ ವಾಪಸ್ ಬಂದವನು ನಾನು.

ಮೂರನೇದು 2009ರಲ್ಲಿ ಬಂದಾಗಿನಿಂದ ನನ್ನದು ಸೋವಿಯತ್. 1936ರ ಜನವರಿ 1ಕ್ಕೆ ಆಟ ನಿಲ್ಲಿಸಿ ಕೂತರೆ ಐದು ಡಿವಿಷನ್‌ಗೊಂದು ಕೋರ್, ಐದು ಕೋರ್‌ಗೊಂದು ಆರ್ಮಿ, ಅದರ ಮೇಲೆ ಆರ್ಮಿ ಗ್ರೂಪ್, ಎಲ್ಲದರ ತಲೆ ಮೇಲೆ ಥಿಯೇಟರ್, ಅಂದ್ರೆ ಇಡೀ ರಣರಂಗ. ಕಟ್ಟಿ ಮುಗಿಸೋಕೆ ಮೂರು ಸಂಜೆ. ಸೋವಿಯತ್ ಜನರಲ್ ಝುಕೋವ್‌ನನ್ನು ಎಲ್ಲಿ ಕೂರಿಸೋದು ಅಂತಲೇ ಅರ್ಧ ಗಂಟೆ ಯೋಚನೆ ಮಾಡಿದ್ದೀನಿ. ಹೆಚ್‌ಕ್ಯೂ (ಸೇನಾ ಮುಖ್ಯಕಚೇರಿ) ಹಿಂದೆ ಉಳಿದು ರೇಡಿಯೋ ವ್ಯಾಪ್ತಿ ತಪ್ಪಿದರೆ ಮೇಲಿನವನ ಕೌಶಲ ಕೆಳಗಿನ ಡಿವಿಷನ್‌ಗೆ ಮುಟ್ಟಲ್ಲ. ಆ ಭಯ ಇಟ್ಟುಕೊಂಡು ಆಡೋದೇ ಒಂದು ರುಚಿ.

ನಾಲ್ಕರಲ್ಲಿ 24 ಡಿವಿಷನ್ ಒಂದೇ ಬುಟ್ಟಿಗೆ, ಮೇಲೊಂದು ಜನರಲ್ ಮುಖ. ಅದು ಸೈನ್ಯ ಅಲ್ಲ, ಸಂತೆ. ನಂಬಿ ಬ್ಯಾಟಲ್ ಪ್ಲಾನ್ ಗೆರೆ ಎಳೆದೆ, ಸೈನ್ಯ ನಡೆಸೋದನ್ನ ಎಐಗೆ ಬಿಟ್ಟೆ. ಪ್ರಿಪೆಟ್ ಜೌಗಿನ ಉತ್ತರಕ್ಕಿದ್ದ ಡಿವಿಷನ್‌ಗಳನ್ನು ದಕ್ಷಿಣಕ್ಕೆ, ದಕ್ಷಿಣದವನ್ನು ಉತ್ತರಕ್ಕೆ ಅದರ ಪಾಡಿಗೆ ಅದು ಸಾಗಿಸ್ತಾ ಕೂತಿತು. ನಡುವೆ ಮೂರು ಪ್ರಾಂತ್ಯ ಖಾಲಿ. ಜರ್ಮನ್ ಟ್ಯಾಂಕ್ ಅಲ್ಲೇ ನುಗ್ಗಿ 11 ಡಿವಿಷನ್ ಸುತ್ತುವರಿದವು. ಒಂದೂ ಉಳಿಯಲಿಲ್ಲ. ಆ ರಾತ್ರಿಯೇ ಆಟ ಅಳಿಸಿ ಹಾಕಿದೆ.

ರೈಫಲ್ ಸಾಲಗಾರ: ಮೂರು ಸಂಜೆ ಹೆಚ್‌ಕ್ಯೂ ಜೋಡಿಸಿದ್ದನ್ನ ಹೆಮ್ಮೆಯಿಂದ ಹೇಳ್ತೀರಲ್ಲ ಸಾರ್, ಅದು ಯುದ್ಧಾನಾ ಗುಮಾಸ್ತಿಕೆನಾ?

ನನಗೆ ನಾಲ್ಕು ಹಿಡಿಸಿದ್ದೇ ಕಾರ್ಖಾನೆಯಿಂದ. ಮೂರರಲ್ಲಿ ಐಸಿ (ಕೈಗಾರಿಕಾ ಸಾಮರ್ಥ್ಯ) ಸ್ಲೈಡರ್ ಆಚೀಚೆ ಎಳೆದರೆ ಮುಗೀತು, ಇಲ್ಲಿ ಬಂದೂಕು ಒಂದೊಂದೂ ಲೆಕ್ಕಕ್ಕಿದೆ. ನನ್ನ ಕಥೆ ಕೇಳಿ. 1940ರ ಮಾರ್ಚ್, ಫ್ರಾನ್ಸ್ ಮೇಲೆ ಹೋಗೋಕೆ ಆರು ವಾರ ಇದೆ. ಬಂದೂಕಿನ ಸಾಲಿನಲ್ಲಿ 10 ಕಾರ್ಖಾನೆ, ದಕ್ಷತೆ ಅರವತ್ತರ ಮೇಲೆ ಏರಿ ಕೂತಿತ್ತು. ಪಕ್ಕದ ಸಾಲು ತೆಗೆಯೋಕೆ ಹೋಗಿ ಇದನ್ನೇ ತೆಗೆದುಬಿಟ್ಟೆ! ಮತ್ತೆ ಸೇರಿಸಿದರೆ ಎಲ್ಲವೂ 10%ರಿಂದ ಶುರು. ಹಳೇ ಸೇವ್‌ಗೆ ಮರಳೋಕೆ ಬಿಡದ ಐರನ್‌ಮ್ಯಾನ್ ಮೋಡ್ ಆಗಿದ್ದರಿಂದ ಹಿಂದಕ್ಕೆ ಹೋಗೋ ಹಾಗೂ ಇಲ್ಲ. ಮೇ ಹೊತ್ತಿಗೆ 38 ಸಾವಿರ ಬಂದೂಕು ಕೊರತೆ, ಹೊಸ ಡಿವಿಷನ್‌ಗಳು ಬಂದೂಕು ಸಾಲದು ಅನ್ನೋ ಹಳದಿ ಪಟ್ಟಿ ಹೊತ್ತುಕೊಂಡು ತರಬೇತಿಯಲ್ಲೇ ಕೊಳೆತವು. ಪ್ಯಾರಿಸ್ ಸಿಕ್ಕಿದ್ದು 1941ರ ಆಗಸ್ಟ್‌ಗೆ. ಸೋತರೂ ನನ್ನ ತಪ್ಪಿಗೇ ಸೋತೆ, ಯಾಕೆ ಅಂತ ಗೊತ್ತಾಯ್ತು.

ಕೋರ್ ಕಮಾಂಡರ್: ಗುಮಾಸ್ತಿಕೆ ಅನ್ನೋರು ಗೆರೆ ಎಳೆದು ಕಾಫಿ ಕುಡಿಯೋಕೆ ಎದ್ದು ಹೋಗೋರು. ಎಐ ಆಡುತ್ತೆ, ನೀವು ನೋಡ್ತೀರಿ.

ಕೆಸರಿನಲ್ಲಿ ಪ್ಯಾಂಜರ್: ಮೂರರಲ್ಲಿ ಇಡೀ ಥಿಯೇಟರನ್ನೇ ಗುರಿ ಕೊಟ್ಟು ಎಐ ಕೈಗೆ ಒಪ್ಪಿಸಬಹುದಿತ್ತು ಕಮಾಂಡರ್, ಮರೆತಿರಾ? ಅದನ್ನ ಆ ಆಟದ ದೊಡ್ಡಸ್ತಿಕೆ ಅಂತಲೇ ಹೇಳ್ತಿದ್ದರು.

ನಾನು ನಾಲ್ಕನ್ನು 2016ರ ಜೂನ್ 6ಕ್ಕೆ, ಬಿಡುಗಡೆ ದಿನವೇ ತಗೊಂಡು ಬೈದವನು. ಆಗ ಟ್ಯಾಂಕ್ ತಯಾರಿಸೋಕೆ ಎಣ್ಣೆ ಬೇಕಿತ್ತು, ಓಡಿಸೋಕೆ ಬೇಡ. ಎಣ್ಣೆ ಬಾವಿಗಳ ಕಾಕಸಸ್ ಕೈಗೆ ಬರದೇ ಇದ್ದರೂ ಪ್ಯಾಂಜರ್ ಟ್ಯಾಂಕ್‌ಗಳು ಯೂರಲ್‌ವರೆಗೂ ಹೋಗೋವು. ಮೂರರಲ್ಲಿ ಸ್ಮೋಲೆನ್ಸ್ಕ್ ಹತ್ತಿರ ಅಕ್ಟೋಬರ್ ಕೆಸರಿನಲ್ಲಿ 14 ಟ್ಯಾಂಕ್ ಡಿವಿಷನ್ ಒಣಗಿ ನಿಂತದ್ದನ್ನ ನೋಡಿದವನಿಗೆ ಇದು ನಗು ತರಿಸ್ತಿತ್ತು. ರಾಜಧಾನಿಯಿಂದ ಪ್ರಾಂತ್ಯ ಪ್ರಾಂತ್ಯ ದಾಟಿ ಸರಕು ಬರಬೇಕು, ಹಿಡಿದ ನೆಲದಲ್ಲಿ ರಸ್ತೆ ಹಾಳಾಗಿರುತ್ತೆ, ಯಾವ ಪ್ರಾಂತ್ಯದಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕೋದ್ರಲ್ಲೇ ರಾತ್ರಿ ಹನ್ನೊಂದಾಗೋದು.

ನಾಲ್ಕಕ್ಕೆ ಇಂಧನ ಬಂದಿದ್ದು 2019ರಲ್ಲಿ. ರೈಲು, ಸಪ್ಲೈ ಹಬ್ (ಸರಕು ಹಂಚೋ ಕೇಂದ್ರ) ಬಂದಿದ್ದು 2021ರ ನವೆಂಬರ್‌ನಲ್ಲಿ. ಅದಾದ ಮೇಲೆ ಮತ್ತೆ ಹಾಕಿದೆ. ಮಿನ್ಸ್ಕ್ ಹಬ್‌ವರೆಗೆ ಹಳಿ ದುರಸ್ತಿಯಾಗೋಕೆ ಕಾಯಲಿಲ್ಲ, ಲಾರಿ ಹಾಕೋದೂ ಮರೆತೆ, ಶತ್ರು ವಿಮಾನಗಳು ರೈಲುಗಳನ್ನೇ ಹೊಡೆದವು. ಮತ್ತೆ ಅದೇ ಸ್ಮೋಲೆನ್ಸ್ಕ್, ಅದೇ ಒಣಗಿದ ಟ್ಯಾಂಕ್. ಹಳೇ ಊರಿಗೆ ವಾಪಸ್ ಬಂದ ಹಾಗಾಯ್ತು! 2016ರ ಆಟ ನೋಡಿ ಈಗಲೂ ಬೈಯೋರು ಏನನ್ನ ಬೈತಿದ್ದಾರೋ ಗೊತ್ತಿಲ್ಲ.

ಕೋರ್ ಕಮಾಂಡರ್: ಸಪ್ಲೈ ಸರಿಯಾಗೋಕೆ ಐದು ವರ್ಷ, ಅದಕ್ಕೂ ಮತ್ತೆ ದುಡ್ಡು ಕೊಟ್ಟು ವಿಸ್ತರಣೆ ಕೊಳ್ಳಬೇಕು. ಭೇಷ್.

ಕೆಸರಿನಲ್ಲಿ ಪ್ಯಾಂಜರ್: ಸಪ್ಲೈ ಬದಲಾವಣೆ ಉಚಿತ ಪ್ಯಾಚ್‌ನಲ್ಲಿ ಎಲ್ಲರಿಗೂ ಬಂತು. ದುಡ್ಡು ಕೊಡಬೇಕಾದ್ದು ಟ್ಯಾಂಕ್ ಡಿಸೈನರ್‌ಗೆ. ಆಡದೇ ಮಾತಾಡಬೇಡಿ.

ಕೋರ್ ಕಮಾಂಡರ್: ಆಡದೇನಾ? 400 ಗಂಟೆ ಆಡಿದ್ದೀನಿ.

ರೈಫಲ್ ಸಾಲಗಾರ: ಅಳಿಸಿ ಹಾಕಿದ್ದು ಯಾವ ರಾತ್ರಿ ಅಂದ್ರಿ? 400ನೇ ಗಂಟೆಯ ರಾತ್ರಿನಾ?

ಬ್ರಿಗೇಡ್ ನಾಲ್ಕು: ನಾನು ಮೂರರಲ್ಲೇ ಇದ್ದೀನಿ, ಇರ್ತೀನಿ. ಒಂದು ಡಿವಿಷನ್‌ಗೆ ನಾಲ್ಕು ಬ್ರಿಗೇಡ್, ಸುಪೀರಿಯರ್ ಫೈರ್‌ಪವರ್ ಅನ್ನೋ ಯುದ್ಧಸಿದ್ಧಾಂತ ಕಲಿತರೆ ಐದು. ಅಷ್ಟರಲ್ಲೇ ಬುದ್ಧಿ ಓಡಿಸಬೇಕು. ನಾಲ್ಕರಲ್ಲಿ ವರ್ಷಗಟ್ಟಲೆ ಎಲ್ಲರೂ ಡಿವಿಷನ್ ರಣರಂಗದಲ್ಲಿ ಹಿಡಿಯೋ ಜಾಗ 20 ಅಗಲ, 40 ಅಗಲ ಅಂತ ಒಂದೇ ಮಂತ್ರ ಜಪಿಸಿದರು. ಅದು ತಂತ್ರವಾ, ಮಗ್ಗಿಯಾ?

ರೈಫಲ್ ಸಾಲಗಾರ: ಅದೂ 2021ರಲ್ಲೇ ಹೋಯ್ತು. ಈಗ ಬಯಲು, ಬೆಟ್ಟ, ಕಾಡು, ಒಂದೊಂದಕ್ಕೆ ಒಂದೊಂದು ಅಗಲ.

ಬ್ರಿಗೇಡ್ ನಾಲ್ಕು: ಮಗ್ಗಿ ಉದ್ದವಾಯ್ತು ಅನ್ನಿ.

ಬ್ಲ್ಯಾಕ್ ಐಸ್ ಭಕ್ತ: ಎರಡಕ್ಕೂ ಬ್ಲ್ಯಾಕ್ ಐಸ್ ಮಾಡ್ ಇದೆ, ಅಂದ್ರೆ ಆಟಗಾರರೇ ಮಾಡಿದ ಮಾರ್ಪಾಡು. ಅದು ಹಾಕದೇ ಆಡಿದ್ದನ್ನ ಆಟ ಅಂತ ನಾನು ಒಪ್ಪಲ್ಲ.

ಕೆಸರಿನಲ್ಲಿ ಪ್ಯಾಂಜರ್: ಬಂದ್ರಪ್ಪಾ.

ಲಿಬಿಯಾದಲ್ಲಿ ಸಿಕ್ಕಿಬಿದ್ದವ: ಎಲ್ಲರಿಗೂ ಥ್ಯಾಂಕ್ಸ್. ಹಳೇ ಲ್ಯಾಪ್‌ಟಾಪ್‌ನಲ್ಲಿ ಆಟದೊಳಗೆ 1943 ದಾಟಿದ ಮೇಲೆ ನಾಲ್ಕು ಎಷ್ಟು ನಿಧಾನ ಆಗುತ್ತೆ ಅಂತ ಯಾರಾದರೂ ಹೇಳ್ತೀರಾ? ಇಟಲಿ ಬಗ್ಗೆ?

ಬ್ರಿಗೇಡ್ ನಾಲ್ಕು: ಇಟಲಿ ಅಂದ್ರೆ ನೆನಪಾಯ್ತು. ಟ್ರಿಪೋಲಿ ಬಂದರಿಗೆ ಹೋಗ್ತಿದ್ದ ನನ್ನ 22 ಕಾನ್ವಾಯ್‌ಗಳನ್ನ ಬ್ರಿಟಿಷ್ ಸಬ್‌ಮರೀನ್‌ಗಳು ಮುಳುಗಿಸಿದ್ದು ಹೇಗೆ ಗೊತ್ತಾ? ಬ್ರಿಟಿಷರ ನೌಕಾನೆಲೆ ಇದ್ದ ಮಾಲ್ಟಾ ದ್ವೀಪವನ್ನ ಆಮೇಲೆ ನೋಡ್ಕೊಳ್ಳೋಣ ಅಂತ ಬಿಟ್ಟಿದ್ದೆ.

ಕೋರ್ ಕಮಾಂಡರ್: ಮಾಲ್ಟಾ ಬಿಟ್ಟವರು ಡಿವಿಷನ್ ಬಗ್ಗೆ ಪಾಠ ಹೇಳ್ತಾರೆ.