ಹಳೇ ಹಾರ್ಡ್ ಡಿಸ್ಕ್ ಮಾರೋದಾ, ಒಡೆಯೋದಾ? ಮನೆ ಗುಂಪಿನ ಜಗಳ

ಗುಂಪು: ದೊಡ್ಡಮನೆ ಬಳಗ, ಶಿರಸಿ

ಯಲ್ಲಾಪುರ ಅತ್ತೆ (ಬೆಳಿಗ್ಗೆ 6:48)
[ಹಲವು ಬಾರಿ ಫಾರ್ವರ್ಡ್ ಆಗಿದೆ]
ಎಚ್ಚರ!! ಹಳೆಯ ಹಾರ್ಡ್ ಡಿಸ್ಕ್ ಮಾರಿದವರ ಬ್ಯಾಂಕ್ ಖಾತೆ ಖಾಲಿ! ಫಾರ್ಮ್ಯಾಟ್ ಮಾಡಿದರೂ, ನೂರು ಸಲ ಅಳಿಸಿದರೂ ಹ್ಯಾಕರ್‌ಗಳು ಫೋಟೋ, ಪಾಸ್‌ವರ್ಡ್ ಎಲ್ಲ ವಾಪಸ್ ತೆಗೆಯುತ್ತಾರೆ. ಉಪ್ಪುನೀರಿನಲ್ಲಿ ಅರ್ಧ ಗಂಟೆ ಕುದಿಸಿ ಎಸೆಯುವುದೊಂದೇ ದಾರಿ. ಸೈಬರ್ ಪೊಲೀಸರ ಪ್ರಕಟಣೆ. ನಿಮ್ಮವರಿಗೆಲ್ಲ ಕಳಿಸಿ.

ಯಲ್ಲಾಪುರ ಅತ್ತೆ
ತಮಾ, ನೀನು ಮೊನ್ನೆ ಡಿಸ್ಕ್ ಮಾರೋ ಸುದ್ದಿ ತೆಗೆದಿದ್ದೆ ಅಲ್ದ? ಸರಿಯಾಗಿ ಓದು.

ಹೊನ್ನಾವರ ಅಣ್ಣ
ಓದಿದೆ ಅತ್ತೆ. ಮನೆ ಸ್ಟೋರೇಜ್ ಬಾಕ್ಸ್‌ನಲ್ಲಿ (ಎನ್‌ಎಎಸ್) ಇದ್ದ ಎರಡು 4 ಟಿಬಿ ತೆಗೆದು 8 ಟಿಬಿ ಹಾಕಿದ್ದೇನೆ. ಹಳೇ ಎರಡು, ಜೊತೆಗೆ ಲ್ಯಾಪ್‌ಟಾಪಿನ 256 ಜಿಬಿ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದೆ ಚಿಪ್‌ನಲ್ಲಿ ಬರೆಯೋ ಡಿಸ್ಕ್) ಒಂದು ಮಾರಬೇಕು ಅಂತಿದೆ.

ಕುಮಟಾ ಅಕ್ಕ
ಯಾವ ಠಾಣೆಯ ಪ್ರಕಟಣೆ ಅತ್ತೆ? ತಾರೀಖು, ಸಹಿ, ನಂಬರ್ ಏನಾದ್ರೂ ಇದ್ಯಾ?

ಶಿರಸಿ ದೊಡ್ಡಪ್ಪ
ದುಡ್ಡಿಗೆ ಆಸೆಪಟ್ಟು ಮನೆ ಗುಟ್ಟು ಮಾರಲಾಗ. ಹಳೇದು ಮನೆಯಲ್ಲೇ ಇರಲಿ. ನಮ್ಮ ಕಾಲದಲ್ಲಿ ಲೆಕ್ಕದ ಪುಸ್ತಕ ರದ್ದಿಗೆ ಹಾಕ್ತಿರಲಿಲ್ಲ, ಸುಡ್ತಿದ್ದೆವು.

ಯಲ್ಲಾಪುರ ಅತ್ತೆ
ಕೂಸೆ, ನಿಂಗೆ ನಾನು ಕಳಿಸಿದ್ದೆಲ್ಲ ಸುಳ್ಳೇ. ಹೋದ ಸಲವೂ ಎಲ್ಲರ ಎದುರಿಗೆ ಹೀಗೇ ಕೇಳಿದ್ದೆ.

ಕುಮಟಾ ಅಕ್ಕ
ಸುಳ್ಳು ಅಂದಿಲ್ಲ. ಮೂಲ ಎಲ್ಲಿ ಅಂತ ಕೇಳಿದೆ. ಹೋದ ಸಲವೂ ಅಷ್ಟೇ ಕೇಳಿದ್ದು.

ಕಾರವಾರ ಭಾವ
ಆಯಿ, ಅರ್ಧ ಸತ್ಯ ಇದೆ ಅದರಲ್ಲಿ. ಬರೀ ಫಾರ್ಮ್ಯಾಟ್ ಮಾಡಿದ್ರೆ ಡಾಟಾ ಹೋಗಲ್ಲ ಅನ್ನೋದು ನಿಜ. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ತೋಟದ ಅಡಿಕೆ ಮರ ಹೋಗ್ತದಾ? ಕ್ವಿಕ್ ಫಾರ್ಮ್ಯಾಟ್ ಅಷ್ಟೇ ಮಾಡೋದು, ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಅಳಿಸ್ತದೆ. ಫೋಟೋರೆಕ್ ಅಂತ ಬಿಟ್ಟಿ ಸಾಫ್ಟ್‌ವೇರ್ ಇದೆ, ಯಾರು ಬೇಕಾದ್ರೂ ಅದರಿಂದ ಫೋಟೋ ವಾಪಸ್ ತೆಗೀಬಹುದು.
ಆದರೆ "ನೂರು ಸಲ ಅಳಿಸಿದರೂ" ಅನ್ನೋದು ತಪ್ಪು. ಇಡೀ ಡಿಸ್ಕಿನ ಮೇಲೆ ಒಂದೇ ಒಂದು ಸಲ ಸೊನ್ನೆ ಬರೆದರೆ ಸಾಕು.

ಶಿರಸಿ ದೊಡ್ಡಪ್ಪ
ಪಹಣಿ ಸುದ್ದಿ ಇಲ್ಲಿ ಎಂತಕ್ಕೆ ತೆಗೆದೆ?

ಕಾರವಾರ ಭಾವ
ಮಾವ, ಉದಾಹರಣೆಗೆ ಹೇಳಿದೆ ಅಷ್ಟೇ. ಬೇರೆ ಅರ್ಥ ಇಲ್ಲ.

ಯಲ್ಲಾಪುರ ಅತ್ತೆ
ಅಣ್ಣ, ಅವನು ಹೇಳಿದ್ದರಲ್ಲಿ ತಪ್ಪೇನಿದ್ದು? ಕೆಳಗಿನ ತೋಟದ ಪಹಣಿಯಲ್ಲಿ ನನ್ನ ಹೆಸರು ಯಾವಾಗ ಹೋತು ಹೇಳಿ ನಂಗೂ ಯಾರೂ ಹೇಳಿದ್ದಿಲ್ಲೆ.

ಕುಮಟಾ ಅಕ್ಕ
ಅದನ್ನ ಎದುರು ಕೂತು ಮಾತಾಡಿ. ಭಾವ, "ಒಂದೇ ಸಲ ಸಾಕು" ಅಂದ್ರಲ್ಲ, ಅದಕ್ಕೂ ಮೂಲ ಬೇಕು. 35 ಸಲ ಬರೀಬೇಕು ಅಂತ ನಾನು ಓದಿದ್ದೇನೆ.

ಕಾರವಾರ ಭಾವ
ಅತ್ಗೆ, 35 ಸಲದ ಲೆಕ್ಕ ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದ್ದು. ಆಗಿನ ಬೇರೆ ಬೇರೆ ಎನ್‌ಕೋಡಿಂಗ್ ಡಿಸ್ಕ್‌ಗಳಿಗೆಲ್ಲ ಸೇರಿಸಿ ಮಾಡಿದ ಪಟ್ಟಿ ಅದು. ಈಗಿನ ಡಿಸ್ಕಿಗೆ ಅಷ್ಟೂ ಸಲ ಬರೆಯೋದರಲ್ಲಿ ಅರ್ಥ ಇಲ್ಲ ಅಂತ ಆಮೇಲೆ ಅವರೇ ಬರೆದಿದ್ದಾರೆ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನ 800-88 ಮಾರ್ಗಸೂಚಿಯ 2014ರ ಆವೃತ್ತಿಯೂ ಹಾರ್ಡ್ ಡಿಸ್ಕಿಗೆ ಒಂದು ಸಲ ಸೊನ್ನೆ ಬರೆದರೆ ಪ್ರಯೋಗಾಲಯದಲ್ಲೂ ವಾಪಸ್ ತೆಗೆಯೋದು ಕಷ್ಟ ಅಂತಲೇ ಹೇಳ್ತದೆ.
ಆಯಿಯ ಹೆದರಿಕೆಗೂ ಆಧಾರ ಇದೆ. ಎಂಐಟಿಯ ಗಾರ್ಫಿಂಕೆಲ್ ಮತ್ತು ಶೆಲಾತ್ 158 ಹಳೇ ಡಿಸ್ಕ್ ಕೊಂಡು ನೋಡಿ 2003ರಲ್ಲಿ ವರದಿ ಪ್ರಕಟಿಸಿದರು. ಸರಿಯಾಗಿ ಅಳಿಸಿದ್ದು ಸಿಕ್ಕಿದ್ದು ಬರೀ 12. ಕ್ರೆಡಿಟ್ ಕಾರ್ಡ್ ನಂಬರ್ 5000ಕ್ಕೂ ಮೇಲೆ ಸಿಕ್ಕಿದ್ದವು.

ಯಲ್ಲಾಪುರ ಅತ್ತೆ
ನೋಡಿದ್ಯ ಕೂಸೆ?

ಬೆಂಗಳೂರು ತಮ್ಮ
ಡಿಸ್ಕ್ ಅಂದ ಕೂಡಲೇ ನೆನಪಾಯ್ತು, ಚಿಟ್ಟಾಣಿಯವರ ಯಕ್ಷಗಾನ ಆಟದ ಕ್ಯಾಸೆಟ್ಟೆಲ್ಲ ಹಾಕಿಟ್ಟಿದ್ದು ಯಾವುದರಲ್ಲಿ? ಮಳೆಗಾಲದಲ್ಲಿ ವಿಎಚ್‌ಎಸ್ ಮೇಲೆ ಬೆಳ್ಳಗೆ ಬೂಷ್ಟು ಬರ್ತಿತ್ತು, ದೊಡ್ಡಾಯಿ ಅಟ್ಟದ ಮೇಲೆ ಒಲೆ ಬಿಸಿ ತಾಗೋ ಜಾಗದಲ್ಲಿ ಇಡ್ತಿದ್ರು. ಶಂಭು ಹೆಗಡೆಯವರ ಆಟದ್ದೂ ಇತ್ತಲ್ಲ. ಆ ಡಿಸ್ಕ್ ಮಾತ್ರ ಮಾರಬೇಡ ಅಣ್ಣ.

ಯಲ್ಲಾಪುರ ಅತ್ತೆ
ಮದುವೆ ವಿಡಿಯೊದ ಡಿಸ್ಕ್ ನೀನು ತಗೊಂಡು ಹೋದವ ವಾಪಸ್ ಕೊಟ್ಟಿದ್ದಿಲ್ಲೆ. ನೀನು ಡಿಸ್ಕಿನ ಮಾತು ಆಡಡ.

ಬೆಂಗಳೂರು ತಮ್ಮ
ಕೊಟ್ಟಿದ್ದೆ ಅತ್ತೆ. ದೊಡ್ಡಪ್ಪನ ಕೈಗೇ ಕೊಟ್ಟಿದ್ದು.

ಶಿರಸಿ ದೊಡ್ಡಪ್ಪ
ನನ್ನ ಕೈಗೆ ಕೊಟ್ಟಿದ್ದು ಖಾಲಿ ಡಬ್ಬಿ.

ಹೊನ್ನಾವರ ಅಣ್ಣ
ಆಟದ್ದೆಲ್ಲ ಹೊಸ 8 ಟಿಬಿಯಲ್ಲಿ ಭದ್ರ ಇದೆ. ಭಾವ, ನನ್ನ ಎರಡು ಡಿಸ್ಕ್ ರೇಡ್ 1ರಲ್ಲಿದ್ದವು. ಒಂದೊಂದನ್ನೇ ಬಿಡಿಬಿಡಿಯಾಗಿ ಬೇರೆ ಬೇರೆಯವರಿಗೆ ಕೊಟ್ಟರೆ ತೊಂದರೆ ಇಲ್ಲ ಅಲ್ವಾ? ವಿಂಡೋಸಿಗೆ ಹಾಕಿದ್ರೆ ಖಾಲಿ ಅಂತಲೇ ತೋರಿಸ್ತದೆ, ಫಾರ್ಮ್ಯಾಟ್ ಮಾಡು ಅಂತ ಕೇಳ್ತದೆ.

ಕಾರವಾರ ಭಾವ
ಬೇಡ ಬೇಡ! ಹೆಚ್ಚಿನವರು ಬೀಳೋದು ಇಲ್ಲೇ. ರೇಡ್ 1 ಅಂದ್ರೆ ಎರಡೂ ಡಿಸ್ಕಿನಲ್ಲಿ ಎಲ್ಲದರ ಪೂರ್ತಿ ಪ್ರತಿ ಇರ್ತದೆ. ಒಂದೇ ಕೈಗೆ ಸಿಕ್ಕರೂ ಎಲ್ಲ ಸಿಕ್ಕಂತೆ. ಬಾಕ್ಸಿನ ಒಳಗೆ ವಿಂಡೋಸ್ ಬದಲು ಲಿನಕ್ಸ್ ಇರ್ತದೆ, ಫೈಲ್ ಜೋಡಿಸಿಡೋ ಕ್ರಮ (ಫೈಲ್ ಸಿಸ್ಟಮ್) ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್. ವಿಂಡೋಸಿಗೆ ಅದು ಓದಲಿಕ್ಕೆ ಬರಲ್ಲ, ಅದಕ್ಕೇ ಫಾರ್ಮ್ಯಾಟ್ ಮಾಡು ಅನ್ನೋದು. ಲಿನಕ್ಸ್ ಪೆನ್‌ಡ್ರೈವ್ ಇದ್ದವನಿಗೆ ಹತ್ತು ನಿಮಿಷದ ಕೆಲಸ.

ಅಳಿಸೋ ಮೊದಲು ಹೊಸ ಡಿಸ್ಕಿನಿಂದ ಕೆಲವು ದೊಡ್ಡ ಫೈಲ್ ತೆರೆದು ನೋಡಿ. ಹೊಸ ಡಿಸ್ಕ್ ಕೈಕೊಡೋದಾದ್ರೆ ಮೊದಲ ಕೆಲವು ವಾರಗಳಲ್ಲಿ ಕೊಡೋದು ಹೆಚ್ಚು. ಅಲ್ಲಿವರೆಗೂ ಹಳೇದನ್ನ ಮುಟ್ಟಬೇಡಿ, ಮಾರಲಿಕ್ಕೆ ಅವಸರ ಬೇಡ.

ಆಮೇಲೆ ಡಿಸ್ಕನ್ನ ಡಾಕ್‌ಗೆ (ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಜೋಡಿಸೋ ಸ್ಟ್ಯಾಂಡ್) ಹಾಕಿ, ಯುಎಸ್‌ಬಿ 3 ಪೋರ್ಟಿಗೇ ಚುಚ್ಚಿ. ಅಲ್ಲಿ 4 ಟಿಬಿಗೆ ಸುಮಾರು ಎಂಟು ಗಂಟೆ ಹಿಡೀತದೆ. ಹಳೇ ಯುಎಸ್‌ಬಿ 2ಕ್ಕೆ ಹಾಕಿದ್ರೆ ಮೂವತ್ತು ಗಂಟೆ ದಾಟ್ತದೆ. ಬೇರೆ ಎಲ್ಲಾ ಹೊರಗಿನ ಡಿಸ್ಕ್ ಕಳಚಿಡಿ. ಕಮಾಂಡ್ ಪ್ರಾಂಪ್ಟನ್ನ ಅಡ್ಮಿನ್ ಆಗಿ ತೆರೆದು ಡಿಸ್ಕ್‌ಪಾರ್ಟ್, ಆಮೇಲೆ ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ ಜೊತೆಗೆ ಅದರ ನಂಬರ್. ಇಲ್ಲಿ ನಿಂತು ಡಿಟೇಲ್ ಡಿಸ್ಕ್ ಹೊಡೆದು ಮಾಡೆಲ್ ಹೆಸರು ನೋಡಿ. ನಂಬರ್ ಒಂದು ಆಚೀಚೆ ಆದ್ರೆ ಹೊಸ ಡಿಸ್ಕೇ ಹೋಗ್ತದೆ, ವಾಪಸ್ ಬರಲ್ಲ. ಖಾತ್ರಿ ಆದ ಮೇಲೆ ಕ್ಲೀನ್ ಆಲ್. "ಆಲ್" ಬಿಟ್ಟು ಬರೀ ಕ್ಲೀನ್ ಹೊಡೆದ್ರೆ ಪಾರ್ಟಿಶನ್ ಪಟ್ಟಿ ಮಾತ್ರ ಹೋಗ್ತದೆ, ಡಾಟಾ ಹಾಗೇ ಇರ್ತದೆ.

ಎಷ್ಟು ಆಯ್ತು ಅಂತ ಪರದೆ ಮೇಲೆ ಏನೂ ತೋರಿಸಲ್ಲ. ಸತ್ತ ಹಾಗೆ ಕಾಣ್ತದೆ, ವಿಂಡೋ ಮುಚ್ಚಬೇಡಿ. ಸ್ಲೀಪ್ ನೆವರ್‌ಗೆ ಇಡಿ. ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ಲ, 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಅಡಾಪ್ಟರ್ ಬೇಕು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆದ್ರೂ ಡಾಕ್ ಆರಿಹೋಗ್ತದೆ. ಡಾಕನ್ನೂ ಯುಪಿಎಸ್‌ಗೆ ಹಾಕಿ. ಮಧ್ಯದಲ್ಲಿ ನಿಂತರೆ ಮೊದಲಿಂದ ಶುರು.

ಶಿರಸಿ ದೊಡ್ಡಪ್ಪ
ಇಷ್ಟೆಲ್ಲ ರಗಳೆ ಎಂತಕ್ಕೆ? ಒಂದು ಏಟು ಸುತ್ತಿಗೆ ಸಾಕು. ಇಲ್ಲದಿದ್ರೆ ತಂಗಿ ಹೇಳಿದ ಹಾಗೆ ಉಪ್ಪುನೀರು.

ಕಾರವಾರ ಭಾವ
ಮಾವ, ಉಪ್ಪುನೀರಿಗೆ ಹಾಳಾಗೋದು ಹೊರಗಿನ ಸರ್ಕ್ಯೂಟ್ ಬೋರ್ಡು. ಡಾಟಾ ಇರೋ ತಟ್ಟೆಗಳು ಒಳಗಿವೆ, ಕುದಿಯೋ ನೀರಿನ ಶಾಖಕ್ಕೆ ಅದರ ಕಾಂತೀಯ ಬರಹ ಅಳಿಸಲ್ಲ. ಒಡೆಯಲೇಬೇಕು ಅಂದ್ರೆ ಟಿ8 ಟಾರ್ಕ್ಸ್ ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಬೇಕು, ಒಂದು ಸ್ಕ್ರೂ ಸಾಮಾನ್ಯವಾಗಿ ಲೇಬಲ್ ಅಡಿಯಲ್ಲಿ ಅಡಗಿರ್ತದೆ. ಲ್ಯಾಪ್‌ಟಾಪಿನ 2.5 ಇಂಚಿನ ಡಿಸ್ಕಲ್ಲಿ ತಟ್ಟೆ ಹೆಚ್ಚಾಗಿ ಗಾಜಿನದು, ಬಡಿದ್ರೆ ಚೂರು ಕಣ್ಣಿಗೆ ಹಾರ್ತದೆ. ಮಕ್ಕಳು ಓಡಾಡೋ ಅಂಗಳದಲ್ಲಿ ದಯವಿಟ್ಟು ಮಾಡಬೇಡಿ. ಒಳ್ಳೇ ಡಿಸ್ಕ್ ಒಡೆಯೋದೂ ನಷ್ಟವೇ, ಇನ್ಯಾರದೋ ಮನೆಯಲ್ಲಿ ಎರಡನೇ ಬ್ಯಾಕಪ್ ಆಗಿ ಇನ್ನೂ ದುಡೀತದೆ.

ಹೊನ್ನಾವರ ಅಣ್ಣ
[ಫೋಟೋ] [ಫೋಟೋ]
ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದೆ. ಪವರ್ ಆನ್ ಅವರ್ಸ್ ಎದುರು 88ಇ0 ಅಂತ ಇದೆ. ಎರಡನೇದರಲ್ಲಿ ಸಿ5 ಅನ್ನೋದು ಹಳದಿ, ಎದುರಿಗೆ 8.

ಕುಮಟಾ ಅಕ್ಕ
88ಇ0 ಅಂದ್ರೆ? ಅದೆಂಥ ಸಂಖ್ಯೆ?

ಕಾರವಾರ ಭಾವ
ಹೆಕ್ಸಾಡೆಸಿಮಲ್ ಅತ್ಗೆ. ನಮ್ಮ ಲೆಕ್ಕದಲ್ಲಿ 35,040 ಗಂಟೆ, ಹಗಲೂ ರಾತ್ರಿ ಸರಿಯಾಗಿ ನಾಲ್ಕು ವರ್ಷ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್ ಅನ್ನೋದನ್ನ 10ಕ್ಕೆ ಬದಲಿಸಿದ್ರೆ ನೇರವಾಗಿ ಕಾಣ್ತದೆ.

ಎರಡನೇದರ ಬಗ್ಗೆ ಜಾಗ್ರತೆ. ಸಿ5 ಅಂದ್ರೆ ಓದಲಿಕ್ಕೆ ಆಗದೆ ಕಾದಿರೋ ಸೆಕ್ಟರ್, ಅಂದ್ರೆ ಡಿಸ್ಕಿನ ಚಿಕ್ಕ ತುಂಡುಗಳ ಲೆಕ್ಕ. 8 ಅಂದ್ರೆ ಹೆಚ್ಚಾಗಿ ಒಂದೇ ಜಾಗ, 4096 ಬೈಟಿನ ಒಂದು ತುಂಡಿನಲ್ಲಿ 512 ಬೈಟಿನ ಎಂಟು ಸೆಕ್ಟರ್ ಇರ್ತವೆ. ಸೊನ್ನೆ ಬರೆದ ಮೇಲೆ ಮತ್ತೆ ನೋಡಿ. ಸಿ5 ಸೊನ್ನೆಗೆ ಇಳಿದು 05 (ಕೈಬಿಟ್ಟ ಸೆಕ್ಟರಿನ ಲೆಕ್ಕ) ಸೊನ್ನೆಯಲ್ಲೇ ಉಳಿದ್ರೆ ಆ ಜಾಗ ಸರಿಯಾಗಿದೆ, ಬಹುಶಃ ಕರೆಂಟ್ ಹೋದಾಗ ಅರ್ಧ ಬರೆದದ್ದು. 05 ಏರಿದ್ರೆ ಡಿಸ್ಕ್ ಆ ಜಾಗವನ್ನ ಕೈಬಿಟ್ಟು ಬೇರೆ ಜಾಗ ಬಳಸಿದೆ ಅಂತ ಅರ್ಥ. ಕೈಬಿಟ್ಟ ಸೆಕ್ಟರಿನಲ್ಲಿ ಹಳೇ ಡಾಟಾದ ಚೂರು ಉಳೀತದೆ, ಕ್ಲೀನ್ ಆಲ್ ಅಲ್ಲಿಗೆ ತಲುಪಲ್ಲ. ಅಂಥದ್ದನ್ನ ನಾನಂತೂ ಯಾರಿಗೂ ಮಾರಲ್ಲ, ಮಾರು ಅಂತ ಹೇಳೋದೂ ಇಲ್ಲ. ಬಿಚ್ಚಿ ತಟ್ಟೆ ಹಾಳುಮಾಡಿ ಇ-ತ್ಯಾಜ್ಯಕ್ಕೆ ಕೊಡೋದು. ಮೊದಲನೇದರಲ್ಲಿ ಸಿ7 ಏನಾದ್ರೂ ಇದ್ರೆ ಗಾಬರಿ ಬೇಡ, ಅದು ಹೆಚ್ಚಾಗಿ ಕೇಬಲ್ ದೋಷ.

ಬೆಂಗಳೂರು ತಮ್ಮ
ಎಸ್‌ಎಸ್‌ಡಿಗೂ ಕ್ಲೀನ್ ಆಲ್ ಸಾಕಲ್ಲ?

ಕಾರವಾರ ಭಾವ
ಸಾಲಲ್ಲ. ಎಸ್‌ಎಸ್‌ಡಿಯಲ್ಲಿ ನಮಗೆ ಕಾಣದ ಮೀಸಲು ಜಾಗ ಇರ್ತದೆ, ಮೇಲಿಂದ ಬರೆದದ್ದು ಅಲ್ಲಿಗೆ ಮುಟ್ಟುತ್ತೆ ಅನ್ನೋ ಖಾತ್ರಿ ಇಲ್ಲ. ಕಂಪನಿಯ ಸಾಫ್ಟ್‌ವೇರಿನಿಂದಲೋ ಲ್ಯಾಪ್‌ಟಾಪ್ ಶುರುವಾಗುವಾಗ ಬರೋ ಬಯಾಸ್ ಸೆಟ್ಟಿಂಗ್‌ನಿಂದಲೋ ಸೆಕ್ಯೂರ್ ಇರೇಸ್ ಆಜ್ಞೆ ಕೊಡಬೇಕು, ಎನ್‌ವಿಎಂಇ ಅನ್ನೋ ಬಗೆಯ ಎಸ್‌ಎಸ್‌ಡಿ ಆದ್ರೆ ಸ್ಯಾನಿಟೈಸ್. ಯುಎಸ್‌ಬಿ ಕೇಸಿನ ಮೂಲಕ ಆ ಆಜ್ಞೆ ಎಷ್ಟೋ ಸಲ ದಾಟಲ್ಲ, ಲ್ಯಾಪ್‌ಟಾಪಿಗೇ ಹಾಕಿ ಮಾಡಿ.

ಯಲ್ಲಾಪುರ ಅತ್ತೆ
ಹಾಂಗಾರೆ ನಾನು ಕಳಿಸಿದ್ದು ತಪ್ಪಲ್ಲ. ಫಾರ್ಮ್ಯಾಟ್ ಮಾಡಿದ್ರೆ ಸಾಲ್ತಿಲ್ಲೆ ಹೇಳಿ ಅದರಲ್ಲೂ ಇದ್ದು.

ಕುಮಟಾ ಅಕ್ಕ
ಉಪ್ಪುನೀರು ತಪ್ಪು ಅತ್ತೆ. ಪೊಲೀಸರ ಹೆಸರೂ ಸುಮ್ಮನೆ ಸೇರಿಸಿದ್ದು. ಅದನ್ನ ಬೇರೆ ಗುಂಪಿಗೆ ಹಾಕಿದ್ರೆ ತೆಗೆದುಬಿಡಿ.

ಯಲ್ಲಾಪುರ ಅತ್ತೆ
ಅಣ್ಣನ ಮಗಳು ಹೇಳಿದ್ದೇ ಸರಿ ಈ ಮನೆಯಲ್ಲಿ.

ಶಿರಸಿ ದೊಡ್ಡಪ್ಪ
ತಂಗಿ, ಅದು ಹಾಂಗೆ ಹೇಳಿದ್ದಲ್ಲ. ಹಬ್ಬಕ್ಕೆ ಬಾ, ಪಹಣಿ ಕಾಗದ ತೆಗೆದು ಇಡ್ತಿ.

ಹೊನ್ನಾವರ ಅಣ್ಣ
ಅಪ್ಪಯ್ಯ, ಆ ಕಾಗದ ಸ್ಕ್ಯಾನ್ ಮಾಡಿದ್ದೂ ಈ ಡಿಸ್ಕಿನಲ್ಲೇ ಇತ್ತು. ಹೊಸದಕ್ಕೆ ಬಂದಿದೆ, ಅತ್ತೆಗೆ ಇವತ್ತೇ ಕಳಿಸ್ತೇನೆ.
ಭಾವ, ಕಾರವಾರದವರೊಬ್ಬರು ಮೊದಲನೇದನ್ನ ಕೇಳಿದ್ದಾರೆ. ಬಸ್ ಪಾರ್ಸೆಲ್ ಮಾಡಬಹುದಾ?

ಕಾರವಾರ ಭಾವ
ಮಾಡಬಹುದು. ಆಂಟಿಸ್ಟಾಟಿಕ್ ಚೀಲ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಸುತ್ತಲೂ ಎರಡು ಇಂಚು ಫೋಮ್ ಇರಲಿ, ಪೇಪರ್ ಮುದ್ದೆ ತುಂಬಿದ್ರೆ ದಾರಿಯಲ್ಲಿ ಕುಸಿದು ಡಿಸ್ಕ್ ಡಬ್ಬಿಗೆ ಬಡೀತದೆ. ಮುಚ್ಚಳದ ಮೇಲಿನ ಗಾಳಿ ತೂತಿಗೆ ಟೇಪ್ ಹಚ್ಚಬೇಡಿ. ಇಲ್ಲಿ ಸಮುದ್ರದ ಉಪ್ಪು ಗಾಳಿಗೆ ಬೋರ್ಡಿನ ಅಡಿಯ ಸಂಪರ್ಕ ಬಿಂದುಗಳು ಕಪ್ಪಾಗ್ತವೆ, ಹೊನ್ನಾವರದಲ್ಲೂ ಅದೇ ಗಾಳಿ. ಕಳಿಸೋ ಮೊದಲು ಒಮ್ಮೆ ಇಡೀ ಡಿಸ್ಕ್ ಪರೀಕ್ಷಿಸೋ ಲಾಂಗ್ ಟೆಸ್ಟ್ ಓಡಿಸಿ ಫಲಿತಾಂಶದ ಫೋಟೋ ಇಟ್ಟುಕೊಳ್ಳಿ.
ದುಡ್ಡು ಹಾಕ್ತೇನೆ ಅಂತ ಕ್ಯೂಆರ್ ಕಳಿಸಿ ಪಿನ್ ಒತ್ತು ಅಂದ್ರೆ ಒತ್ತಬೇಡಿ. ಪಿನ್ ಬೇಕಾಗೋದು ಹಣ ಕೊಡಲಿಕ್ಕೆ, ಪಡೆಯೋಕಲ್ಲ.

ಹೊನ್ನಾವರ ಅಣ್ಣ
ಹೀಗೆ ಬರೀತೇನೆ, ನೋಡಿ: "4 ಟಿಬಿ, ಎನ್‌ಎಎಸ್‌ನಲ್ಲಿ ಬಳಸಿದ್ದು, ಒಳ್ಳೇ ಸ್ಥಿತಿ, ಪೂರ್ತಿ ಅಳಿಸಿದ್ದು."

ಕುಮಟಾ ಅಕ್ಕ
ಒಳ್ಳೇ ಸ್ಥಿತಿ ಅಂದ್ರೆ ಏನೂ ಹೇಳಿದಂತಾಗಲಿಲ್ಲ ಅಣ್ಣ. 35,040 ಗಂಟೆ ಓಡಿದ್ದು ಅಂತ ಬರಿ. ಮಾಡೆಲ್ ನಂಬರ್ ಪೂರ್ತಿ ಹಾಕು.

ಕಾರವಾರ ಭಾವ
ಹೌದು. ಮಾಡೆಲ್ ನಂಬರ್ ನೋಡಿಯೇ ಅದು ಎಸ್‌ಎಂಆರ್ (ಬರಹದ ಸಾಲುಗಳನ್ನ ಒಂದರ ಮೇಲೊಂದು ಹೊದಿಸಿ ಬರೆಯೋ ಡಿಸ್ಕ್, ಮತ್ತೆ ಬರೆಯೋದು ನಿಧಾನ) ಹೌದೋ ಅಲ್ಲವೋ ಅಂತ ಗೊತ್ತಾಗೋದು, ರೇಡ್‌ಗೆ ಹಾಕೋರಿಗೆ ಅದು ಮುಖ್ಯ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ (ಡಬ್ಲ್ಯುಡಿ) ಕಂಪನಿಯ ರೆಡ್ ಡಿಸ್ಕ್‌ಗಳ ವಿಷಯದಲ್ಲಿ ಆದ ಗಲಾಟೆ ಇದಕ್ಕೇ. 05, ಸಿ5, ಜೊತೆಗೆ ಸರಿಪಡಿಸಲಾಗದ ಸೆಕ್ಟರ್ ತೋರಿಸೋ ಸಿ6, ಮೂರೂ ಕಾಣೋ ಫೋಟೋ ಹಾಕಿ. ಸೀರಿಯಲ್ ನಂಬರ್ ಕೊಳ್ಳೋರಿಗೆ ಮಾತ್ರ ಕಳಿಸಿ, ವಾರಂಟಿ ಉಳಿದಿದ್ರೆ ಅವರೇ ನೋಡಿಕೊಳ್ಳಲಿ.

ಬೆಂಗಳೂರು ತಮ್ಮ
ಅಣ್ಣ, ಎರಡನೇದನ್ನ ಅಳಿಸೋ ಮೊದಲು ಮದುವೆ ವಿಡಿಯೊ ಅದರಲ್ಲಿ ಇದೆಯಾ ಅಂತ ಒಮ್ಮೆ ಹುಡುಕು.

ಹೊನ್ನಾವರ ಅಣ್ಣ
ಹುಡುಕಿದೆ. ಇದೆ. ನೀನು ಬೆಂಗಳೂರಿಗೆ ಹೋಗೋ ಮುಂಚೆ ನಾನೇ ಕಾಪಿ ಮಾಡಿಟ್ಟಿದ್ದು. 8 ಟಿಬಿಗೂ ಬಂದಿದೆ. ಅತ್ತೆ, ಪೆನ್‌ಡ್ರೈವ್‌ಗೆ ಹಾಕಿ ಕೊಡ್ತೇನೆ, 32 ಜಿಬಿಯದು ಬೇಕು.